ಬಾನೆಟ್ ಎತ್ತಿದರೆ ಬೇರೆಯದೇ ಎಂಜಿನ್

ಅಮೆರಿಕದ ಹಳೇ ಟ್ರಕ್ ಮೇಳಗಳಲ್ಲಿ ಜನ ಗುಂಪುಗೂಡುವುದು ಬಾನೆಟ್ ಎತ್ತಿಟ್ಟ ಗಾಡಿಗಳ ಮುಂದೆ. 1950ರ ಷೆವರ್ಲೆ 3100 ಪಿಕಪ್ ಅಂದುಕೊಳ್ಳಿ. ದುಂಡು ಮೂತಿ, ಐದು ಅಡ್ಡಪಟ್ಟಿಗಳ ಗ್ರಿಲ್, ಉಬ್ಬಿದ ಮಡ್‌ಗಾರ್ಡ್. ಹೊರಗಿನಿಂದ ನೋಡಿದರೆ ಕಾರ್ಖಾನೆಯಿಂದ ನಿನ್ನೆ ಹೊರಬಂದಂತಿದೆ. ಒಳಗೆ ಇಣುಕಿದರೆ, ಉದ್ದನೆಯ ಆರು ಸಿಲಿಂಡರಿನ ಎಂಜಿನ್ ಇರಬೇಕಾದ ಜಾಗದಲ್ಲಿ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಹೊದ್ದ ಎಂಟು ಸಿಲಿಂಡರಿನ ವಿ-8 ಕೂತಿದೆ. ನೋಡುವವರು ಅಲ್ಲಿಗೇ ಎರಡು ಪಾಲಾಗುತ್ತಾರೆ. ಒಬ್ಬರು ಕತ್ತು ಚಾಚಿ ವೆಲ್ಡಿಂಗಿನ ಅಂದ ನೋಡುತ್ತಾರೆ, ಇನ್ನೊಬ್ಬರು ‘ಒಳ್ಳೇ ಗಾಡಿ ಕೆಡಿಸಿದ’ ಎಂದು ಮುಂದಕ್ಕೆ ಹೋಗುತ್ತಾರೆ.

ಜನರಲ್ ಮೋಟರ್ಸ್ ಕಂಪನಿ ಷೆವರ್ಲೆಯ ಈ ‘ಅಡ್ವಾನ್ಸ್ ಡಿಸೈನ್’ ಸಾಲಿನ ಟ್ರಕ್ಕುಗಳನ್ನು 1947ರ ಬೇಸಿಗೆಯಲ್ಲಿ ಮಾರುಕಟ್ಟೆಗೆ ಬಿಟ್ಟಿತು. 1955ರ ಆರಂಭದವರೆಗೂ ಅವು ತಯಾರಾದವು. ಮೈ ಹೊಸದಾದರೂ ಎಂಜಿನ್ ಹಳೆಯದೇ. 216 ಘನ ಅಂಗುಲದ, ಅಂದರೆ ಸುಮಾರು ಮೂರೂವರೆ ಲೀಟರಿನ ಈ ಆರು ಸಿಲಿಂಡರಿನ ಎಂಜಿನ್ 1937ರಿಂದಲೇ ಓಡುತ್ತಿತ್ತು. ಅದರ ತಾಕತ್ತು 90 ಅಶ್ವಶಕ್ತಿ. ಸ್ಟವ್‌ಬೋಲ್ಟ್ ಎಂಬ ಅಡ್ಡಹೆಸರಿನ ಈ ಎಂಜಿನ್ ತನ್ನ ಕಾಲಕ್ಕೆ ಗಟ್ಟಿ ಆಳು. ಜೋಳದ ಮೂಟೆ, ಹಾಲಿನ ಕ್ಯಾನು, ಹಸುವಿನ ಕರು ಏನೇ ಹೇರಿದರೂ ಗಂಟೆಗೆ 70 ಕಿ.ಮೀ. ವೇಗದಲ್ಲಿ ದಿನವಿಡೀ ತಕರಾರಿಲ್ಲದೆ ಓಡುತ್ತಿತ್ತು.

ತೊಂದರೆ ಶುರುವಾಗುವುದು ಅದಕ್ಕಿಂತ ಜೋರಾಗಿ ಹೋಗಬೇಕಾದಾಗ.

ಆಧುನಿಕ ಎಂಜಿನ್ನಿನಲ್ಲಿ ಪ್ರತಿಯೊಂದು ಬೇರಿಂಗಿಗೂ ಆಯಿಲ್ ಪಂಪಿನ ಒತ್ತಡದಿಂದ ಬರುತ್ತದೆ. 216ರಲ್ಲಿ ಕನೆಕ್ಟಿಂಗ್ ರಾಡುಗಳ ಬೇರಿಂಗುಗಳಿಗೆ ಆ ಭಾಗ್ಯವಿಲ್ಲ. ಕನೆಕ್ಟಿಂಗ್ ರಾಡುಗಳ ಬುಡದಲ್ಲಿ ಸಣ್ಣ ಡಿಪ್ಪರುಗಳಿವೆ. ರಾಡು ಕೆಳಗಿಳಿದಾಗಲೆಲ್ಲ ಈ ಡಿಪ್ಪರು ತಳದ ತೊಟ್ಟಿಯಲ್ಲಿನ ಆಯಿಲಿಗೆ ಅದ್ದಿ, ಗೋರಿಕೊಂಡು ಬೇರಿಂಗಿಗೆ ಉಣಿಸುತ್ತದೆ. ಬೇರಿಂಗ್ ಎಂದರೂ ಈಗಿನಂತೆ ಬಿಚ್ಚಿ ಹಾಕುವ ಷೆಲ್ ಅಲ್ಲ, ರಾಡಿನ ಮೇಲೇ ಕರಗಿಸಿ ಸುರಿದು ಲೇತಿನಲ್ಲಿ ಕೊರೆದ ವೈಟ್ ಮೆಟಲ್. ಸವೆದರೆ ನಡುವಿನ ತೆಳು ಷಿಮ್ ತೆಗೆದು ಬಿಗಿ ಮಾಡಿಕೊಳ್ಳಬೇಕು, ಷಿಮ್ ಮುಗಿದರೆ ಮತ್ತೆ ಲೋಹ ಸುರಿಸಬೇಕು. ಆ ಕೆಲಸ ಬಲ್ಲ ಕೈಗಳು ಈಗ ಎಲ್ಲ ದೇಶದಲ್ಲೂ ಕಡಿಮೆ. ಹಿಂದಿನ ಆಕ್ಸಲ್ ಹೌಸಿಂಗಿನ ಕ್ರೌನ್ ಪಿನಿಯನ್ ಅನುಪಾತವೋ 4.11. ಗಂಟೆಗೆ 90 ಕಿ.ಮೀ. ವೇಗದಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 2,700 ಸುತ್ತು ತಿರುಗುತ್ತಿರುತ್ತದೆ. ಅಮೆರಿಕದ ಅಂತರರಾಜ್ಯ ಹೆದ್ದಾರಿ ಜಾಲದ ಕಾನೂನು ಬಂದದ್ದು 1956ರಲ್ಲಿ, ಈ ಟ್ರಕ್ಕುಗಳ ತಯಾರಿಕೆ ನಿಂತ ಮೇಲೆ. ಹಾಗಾಗಿ ಹೆದ್ದಾರಿಯ ಓಟ ಇವುಗಳ ಲೆಕ್ಕದಲ್ಲೇ ಇರಲಿಲ್ಲ.

ವಾರಾಂತ್ಯಕ್ಕೆ ಮನೆಮಂದಿಯನ್ನು ಕೂರಿಸಿಕೊಂಡು ಇನ್ನೂರು ಕಿ.ಮೀ. ಹೋಗಿಬರುವ ಆಸೆಯುಳ್ಳ ಮಾಲೀಕನ ಕಣ್ಣು ಆಗ ಗುಜರಿ ಅಂಗಳದ ಕಡೆ ಹೊರಳುತ್ತದೆ. ಅಲ್ಲಿ ಅವನಿಗಾಗಿ ಕಾದಿರುವುದು ಅದೇ ಕಂಪನಿಯ ಎಲ್‌ಎಸ್ ಕುಟುಂಬದ ವಿ-8. 1997ರ ಕಾರ್ವೆಟ್ ಕಾರಿನಲ್ಲಿ ಮೊದಲು ಬಂದ ಈ ವಿನ್ಯಾಸ, 1999ರ ಸಿಲ್ವರಾಡೊ ಟ್ರಕ್ಕಿನ ಹೊತ್ತಿಗೆ 4.8, 5.3 ಮತ್ತು 6 ಲೀಟರಿನ ರೂಪ ಪಡೆಯಿತು. ಅಪಘಾತದಲ್ಲಿ ಮೈ ಮುರಿದುಕೊಂಡ ಟ್ರಕ್ಕುಗಳಿಂದ ಇಳಿಸಿದ 5.3 ಲೀಟರಿನ ಎಂಜಿನ್ ಅಲ್ಲಿ ಧಾರಾಳವಾಗಿ ಸಿಗುತ್ತದೆ. 216ರ ಮೂರು ಪಟ್ಟು ಶಕ್ತಿ ಕೊಟ್ಟೂ ಅದಕ್ಕಿಂತ ಭಾರವಲ್ಲ. ಕ್ಯಾಮ್ ಶಾಫ್ಟ್ ಒಂದೇ, ಅದೂ ಬ್ಲಾಕಿನ ಒಳಗೇ ಇರುವುದರಿಂದ ಎಂಜಿನ್ ಅಗಲದಲ್ಲೂ ಎತ್ತರದಲ್ಲೂ ಅಡಕವಾಗಿದೆ. ತಲೆಯ ಮೇಲೆ ನಾಲ್ಕು ಕ್ಯಾಮ್ ಹೊತ್ತ ಫೋರ್ಡಿನ ಹೊಸ ವಿ-8ಗಳು ತೂರದ ಸಂದಿಯಲ್ಲಿ ಇದು ತೂರುತ್ತದೆ.

ಇಲ್ಲಿಯವರೆಗೆ ಎಲ್ಲವೂ ಸಲೀಸು. ಎಂಜಿನ್ ಕೊಂಡ ಮರುದಿನದಿಂದ ಕೆಲಸವೇ ಕೆಲಸವನ್ನು ಹೆರುತ್ತ ಹೋಗುತ್ತದೆ.

ಮೊದಲು ಕೂರಿಸಿ ನೋಡಬೇಕು. ತಿಳಿದವರು ಪೂರ್ತಿ ಎಂಜಿನ್ ಇಳಿಸುವುದಿಲ್ಲ. ಬರೀ ಬ್ಲಾಕನ್ನೋ, ಅಳತೆಗೆಂದೇ ಫೋಮಿನಲ್ಲಿ ಮಾಡಿದ ನಕಲಿ ಬ್ಲಾಕನ್ನೋ ಚೈನ್ ಪುಲ್ಲಿಯಲ್ಲಿ ತೂಗುಬಿಟ್ಟು, ಅಂಗುಲ ಅಂಗುಲವಾಗಿ ಹಿಂದೆಮುಂದೆ ಸರಿಸುತ್ತಾರೆ. ಎಂಜಿನ್ ಚಾಸಿಗೆ ಸಮಾಂತರವಾಗಿ ಕೂರುವುದಿಲ್ಲ, ಹಿಂಬದಿ ಸುಮಾರು ಮೂರು ಡಿಗ್ರಿ ಇಳಿಜಾರಿರಬೇಕು. ಹಿಂದಿನ ಹೌಸಿಂಗಿನ ಪಿನಿಯನ್ ಅಷ್ಟೇ ಕೋನದಲ್ಲಿ ಮೇಲ್ಮುಖವಾಗಿರಬೇಕು. ಎರಡೂ ಕೋನ ಹೊಂದಿದರೆ ಪ್ರೊಪೆಲ್ಲರ್ ಶಾಫ್ಟಿನ ಮುಂದಿನ ಜಾಯಿಂಟು ಹುಟ್ಟಿಸುವ ಏರಿಳಿತವನ್ನು ಹಿಂದಿನ ಜಾಯಿಂಟು ಅಳಿಸಿಹಾಕುತ್ತದೆ. ಒಂದೆರಡು ಡಿಗ್ರಿ ತಪ್ಪಿದರೂ ವೇಗ ಹೆಚ್ಚಿದಂತೆ ಸೀಟಿನ ಕೆಳಗೆ ಗುಂಯ್‌ಗುಡುವ ನಡುಕ ಶುರು. ಅದಕ್ಕೇ ಮೆಕ್ಯಾನಿಕ್ ಕ್ರ್ಯಾಂಕ್ ಪುಲ್ಲಿಯ ಮುಖಕ್ಕೆ ಕೋನಮಾಪಕ ಅಂಟಿಸಿ ಓದುತ್ತಾನೆ, ಪಿನಿಯನ್ನಿಗೆ ಹಿಡಿದು ಓದುತ್ತಾನೆ, ಮತ್ತೆ ಬಂದು ಪುಲ್ಲಿಯನ್ನು ಓದುತ್ತಾನೆ. ಫೌಂಡೇಶನ್ ಬ್ರಾಕೆಟ್ಟುಗಳಿಗೆ ಆಗ ಹಾಕುವುದು ನಾಲ್ಕು ಚುಕ್ಕೆ ಟ್ಯಾಕ್ ವೆಲ್ಡಿಂಗ್ ಮಾತ್ರ. ಗಾಡಿ ತನ್ನ ಪೂರ್ತಿ ತೂಕದಲ್ಲಿ ಚಕ್ರದ ಮೇಲೆ ನಿಂತು, ಎಲ್ಲ ಅಳತೆ ಇನ್ನೊಮ್ಮೆ ನೋಡಿದ ಮೇಲಷ್ಟೇ ಭರ್ತಿ ವೆಲ್ಡಿಂಗ್.

ಅಷ್ಟರಲ್ಲಿ ಅಡ್ಡಿಗಳು ಒಂದೊಂದಾಗಿ ತಲೆಯೆತ್ತಿರುತ್ತವೆ. ಟ್ರಕ್ಕಿನ ಎಲ್‌ಎಸ್ ಎಂಜಿನ್ನಿನ ಆಯಿಲ್ ಪ್ಯಾನ್ ಆಳವಾಗಿದ್ದು ಚಾಸಿಯ ಅಡ್ಡಪಟ್ಟಿಗೆ ತಾಗುತ್ತದೆ, ಆಳ ಕಡಿಮೆಯಿರುವ ಬೇರೆ ಪ್ಯಾನ್ ಬೇಕು. ಎಡಗಡೆಯ ಸೈಲೆನ್ಸರ್ ಮ್ಯಾನಿಫೋಲ್ಡ್ ನೇರವಾಗಿ ಸ್ಟೀರಿಂಗ್ ಬಾಕ್ಸಿಗೆ ಮುಖ ಕೊಡುತ್ತದೆ. ವಿ-8 ಉದ್ದದಲ್ಲಿ ಮೋಟು, ಹಾಗಾಗಿ ಹಳೆಯ ರೇಡಿಯೇಟರಿಗೂ ಎಂಜಿನ್ನಿಗೂ ನಡುವೆ ಖಾಲಿ ಜಾಗ ಬಿದ್ದು ಎಲೆಕ್ಟ್ರಿಕ್ ಫ್ಯಾನ್ ಹುಡುಕಬೇಕಾಗುತ್ತದೆ. ಹಳೇ ಕಾರ್ಬ್ಯುರೇಟರಿಗೆ ನಾಲ್ಕೈದು ಪೌಂಡ್ ಒತ್ತಡದಲ್ಲಿ ಪೆಟ್ರೋಲ್ ತೊಟ್ಟಿಕ್ಕಿದರೆ ಸಾಕಿತ್ತು, ಹೊಸ ಇಂಜೆಕ್ಟರುಗಳಿಗೆ 58 ಪೌಂಡ್ ಬೇಕು. 1949ರಿಂದಾಚೆಯ ಈ ಪಿಕಪ್ಪುಗಳಲ್ಲಿ ಪೆಟ್ರೋಲ್ ಟ್ಯಾಂಕ್ ಇರುವುದು ಕ್ಯಾಬಿನ್ ಒಳಗೆ, ಸೀಟಿನ ಬೆನ್ನಿಗೆ! ಅಷ್ಟು ಒತ್ತಡದ ಪೆಟ್ರೋಲನ್ನು ಬೆನ್ನ ಹಿಂದೆ ಇಟ್ಟುಕೊಂಡು ಓಡಿಸಲು ಮನಸ್ಸು ಬಾರದೆ ಬಹಳ ಜನ ಟ್ಯಾಂಕನ್ನು ಹಿಂದಿನ ತೊಟ್ಟಿಯ ಕೆಳಗೆ, ಚಾಸಿ ಕಂಬಿಗಳ ನಡುವೆ ಸಾಗಿಸುತ್ತಾರೆ. ಮೆಚ್ಚಬೇಕಾದ ಬುದ್ಧಿ.

ದೊಡ್ಡ ಗಂಟು ಇರುವುದು ಗಾಡಿಯ ಹೊಟ್ಟೆಯಡಿ. ಈ ಷೆವರ್ಲೆಗಳಲ್ಲಿ ಪ್ರೊಪೆಲ್ಲರ್ ಶಾಫ್ಟ್ ಹೊರಗೆ ಕಾಣುವುದಿಲ್ಲ. ಟಾರ್ಕ್ ಟ್ಯೂಬ್ ಎಂಬ ದಪ್ಪ ಕೊಳವೆಯೊಳಗೆ ಅದು ತಿರುಗುತ್ತದೆ, ಚಕ್ರಗಳು ಗಾಡಿಯನ್ನು ಮುಂದೆ ತಳ್ಳುವ ಬಲವೂ ಅದೇ ಕೊಳವೆಯ ಮೂಲಕವೇ ಸಾಗುತ್ತದೆ. ಹೊಸ ಗೇರ್ ಬಾಕ್ಸಿಗೆ ಇದು ಸೇರುವುದಿಲ್ಲ. ಕೊಳವೆ ತೆಗೆದರೆ ಹೌಸಿಂಗ್ ತೆಗೆಯಬೇಕು. ಹೊಸ ಹೌಸಿಂಗ್ ಬಂದರೆ ಸ್ಪ್ರಿಂಗ್ ಪ್ಲೇಟುಗಳ ಮೇಲೆ ಅದನ್ನು ಕೂರಿಸುವ ಪ್ಯಾಡುಗಳು ಹೊಸದಾಗಿ ಬೇಕು, ಚಕ್ರದ ಬೋಲ್ಟುಗಳ ಲೆಕ್ಕವೂ ಹಿಂದೊಂದು ಮುಂದೊಂದು ಆಗುತ್ತದೆ. ಮುನ್ನೂರು ಅಶ್ವಶಕ್ತಿಯ ಗಾಡಿಯನ್ನು ಒಂದೇ ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ ಇರುವ 1947ರ ಡ್ರಮ್ ಬ್ರೇಕು ನಿಲ್ಲಿಸಬಲ್ಲದೇ? ಡಿಸ್ಕ್ ಬ್ರೇಕ್ ಬಂತು. 6 ವೋಲ್ಟಿನ ವೈರಿಂಗ್ ಪೂರ್ತಿ ಕಿತ್ತು 12 ವೋಲ್ಟ್ ಮಾಡಿದ್ದಾಯಿತು. ಕೇಬಲ್ಲಿನಿಂದ ತಿರುಗುತ್ತಿದ್ದ ಸ್ಪೀಡೋಮೀಟರಿಗೆ ಗೇರ್ ಬಾಕ್ಸಿನ ಸೆನ್ಸರ್ ಹೇಳುವುದು ಅರ್ಥವಾಗುವಂತೆ ನಡುವೆ ಒಂದು ಪೆಟ್ಟಿಗೆ. ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕ ಎಂಜಿನ್ನಿಗಿಂತ ಅದರ ವೈರಿಂಗ್, ಕಂಪ್ಯೂಟರು, ಪಂಪು, ಪ್ಯಾನು, ಹೌಸಿಂಗುಗಳ ಬಿಲ್ಲೇ ದೊಡ್ಡದು. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇಂಥ ಕಡೆಗೇ. ಅರ್ಧಕ್ಕೆ ನಿಂತ ಗಾಡಿಗಳ ಮಾರಾಟ ಜಾಹೀರಾತು ಅಮೆರಿಕದಲ್ಲಿ ಯಾವ ಕಾಲಕ್ಕೂ ಇರುತ್ತದೆ. ಮಾಲೀಕರಲ್ಲಿ ಬಹುಪಾಲು ಜನ ಸೋತದ್ದು ಎಂಜಿನ್ ಕೂರಿಸುವುದರಲ್ಲಿ ಅಲ್ಲ, ಅದರ ಹಿಂದೆ ಬಂದ ಈ ಮೆರವಣಿಗೆಯಲ್ಲಿ.

ಇಷ್ಟೆಲ್ಲ ಬೇಡ ಎನ್ನುವವರಿಗೆ ಇನ್ನೊಂದು ದಾರಿಯಿದೆ, ಅಷ್ಟಾಗಿ ಯಾರೂ ಮೆರೆಸದ ದಾರಿ. ಷೆವರ್ಲೆಯೇ 1954ರಲ್ಲಿ ತನ್ನ ಟ್ರಕ್ಕುಗಳಿಗೆ 235 ಘನ ಅಂಗುಲದ, ಎಲ್ಲ ಬೇರಿಂಗಿಗೂ ಒತ್ತಡದ ಆಯಿಲ್ ಕೊಡುವ, ಷೆಲ್ ಬೇರಿಂಗಿನ ಆರು ಸಿಲಿಂಡರಿನ ಎಂಜಿನ್ ಹಾಕಿತು. ಅದು 216ರ ಜಾಗಕ್ಕೆ ಬಹುತೇಕ ಹಾಗೇ ಕೂರುತ್ತದೆ. ಕೆಲವು ವರ್ಷಗಳ ಮಾದರಿಯಲ್ಲಿ ವಾಟರ್ ಪಂಪಿನ ಜಾಗ ಬದಲಾಗಿರುವುದರಿಂದ ಒಂದು ಅಡಾಪ್ಟರ್ ಪ್ಲೇಟ್ ಹಾಕಿ, ಹಳೇ ಮೋಟು ಪಂಪನ್ನು ಅದಕ್ಕೆ ಕಟ್ಟಬೇಕು, ಇಲ್ಲದಿದ್ದರೆ ಫ್ಯಾನ್ ರೇಡಿಯೇಟರಿಗೆ ಬಡಿಯುತ್ತದೆ. ಟಾರ್ಕ್ ಟ್ಯೂಬ್ ಉಳಿಯಿತು, ಗೇರ್ ಬಾಕ್ಸ್ ಉಳಿಯಿತು, ಕಾಲಲ್ಲಿ ಒತ್ತಿ ಸ್ಟಾರ್ಟ್ ಮಾಡುವ ಪೆಡಲೂ ಉಳಿಯಿತು. ಬೂದು ಬಣ್ಣ ಬಳಿದರೆ ಮೇಳದಲ್ಲಿ ಹತ್ತಕ್ಕೆ ಒಂಬತ್ತು ಜನರಿಗೆ ಗುರುತೇ ಸಿಗುವುದಿಲ್ಲ. ದಿನಾ ಓಡಿಸುವ ಆಸೆಗೂ ಹಳೆಯದರ ಮೇಲಿನ ಮರ್ಯಾದೆಗೂ ನಡುವೆ ಇದಕ್ಕಿಂತ ಹದವಾದ ರಾಜಿ ಕಾಣುವುದು ಕಷ್ಟ.

ಡೀಸೆಲ್ ಪ್ರಿಯರದು ಬೇರೆಯೇ ಕಥೆ. ಅವರ ಇಷ್ಟದೈವ ಡಾಡ್ಜ್ ಪವರ್ ವ್ಯಾಗನ್. ಎರಡನೇ ಮಹಾಯುದ್ಧದ ಸೇನಾ ಟ್ರಕ್ಕಿನಿಂದ ಹುಟ್ಟಿ 1946ರಲ್ಲಿ ನಾಗರಿಕರ ಕೈಗೆ ಬಂದ ಫೋರ್ ವೀಲ್ ಡ್ರೈವ್ ಗಾಡಿ ಅದು. 94 ಅಶ್ವಶಕ್ತಿ, 5.83ರ ಹೌಸಿಂಗ್. ಮರ ಎಳೆಯಲು, ಗುಡ್ಡ ಹತ್ತಲು ಗಜರಾಜ, ಡಾಂಬರು ರಸ್ತೆಗೆ ಬಂದರೆ ಗಂಟೆಗೆ 80 ಕಿ.ಮೀ. ದಾಟುವಷ್ಟರಲ್ಲಿ ಏದುಸಿರು. ಇದಕ್ಕೆ ಹಲವರು ಹಾಕುವುದು ಕಮಿನ್ಸ್ 4ಬಿಟಿ, ಅಂದರೆ 3.9 ಲೀಟರಿನ, ನಾಲ್ಕು ಸಿಲಿಂಡರಿನ ಟರ್ಬೊ ಡೀಸೆಲ್. ಅಮೆರಿಕದಲ್ಲಿ ಬ್ರೆಡ್ಡು, ಚಿಪ್ಸು ಹಂಚುವ ಡಬ್ಬಿ ವ್ಯಾನುಗಳಲ್ಲಿ ಸಾವಿರಗಟ್ಟಲೆ ಓಡಿದ ಎಂಜಿನ್. ಶಕ್ತಿ ನೂರೈದು ಅಶ್ವಶಕ್ತಿ ಅಷ್ಟೇ, ಆದರೆ ಕಡಿಮೆ ಸುತ್ತಿನಲ್ಲೇ ಎಳೆತ ಭರ್ಜರಿ. ತೂಕವೂ ಹಾಗೇ, 340 ಕೆ.ಜಿ.ಯ ಆಸುಪಾಸು. ಮುಂದಿನ ಸ್ಪ್ರಿಂಗಿಗೆ ಪ್ಲೇಟು ಸೇರಿಸದಿದ್ದರೆ ಗಾಡಿ ಮೂಗು ನೆಲಕ್ಕಿಡುತ್ತದೆ. ಎಂಜಿನ್ ನಿಧಾನಕ್ಕೆ ತಿರುಗುವ ಜಾತಿಯದಾದ್ದರಿಂದ 5.83ರ ಹೌಸಿಂಗನ್ನು ಹಾಗೇ ಬಿಟ್ಟರೆ ಮೊದಲಿಗಿಂತಲೂ ಮೆಲ್ಲಗೆ ಓಡುತ್ತದೆ! ಎಂಜಿನ್ನಿಗೆ ದುಡ್ಡು ಸುರಿದು ಕ್ರೌನ್ ಪಿನಿಯನ್ ಮರೆತವರಿಗೆ ಇದು ಮೊದಲ ಟ್ರಯಲ್‌ನಲ್ಲೇ ತಿಳಿಯುತ್ತದೆ. ಅಂದಹಾಗೆ ಇದೇ ಕಮಿನ್ಸ್ ಬಿ ಸರಣಿಯ ಆರು ಸಿಲಿಂಡರಿನ ಅಣ್ಣ ನಮ್ಮ ರಸ್ತೆಗೆ ಅಪರಿಚಿತನಲ್ಲ. 1993ರಲ್ಲಿ ಶುರುವಾದ ಟಾಟಾ-ಕಮಿನ್ಸ್ ಸಹಯೋಗದಲ್ಲಿ ಜಮ್‌ಷೆಡ್‌ಪುರದಲ್ಲಿ ತಯಾರಾದ 5.9 ಲೀಟರಿನ ಆ ಎಂಜಿನ್ ಹೊತ್ತ ಟಾಟಾ ಲಾರಿಗಳು ಕರ್ನಾಟಕದ ಘಾಟಿಗಳನ್ನು ಎಷ್ಟು ಸಲ ಹತ್ತಿಳಿದಿವೆಯೋ.

ಈಗ ‘ಅಸಲಿ’ ಎನ್ನುವ ವಾದಕ್ಕೆ ಬರಬಹುದು. ಕಾರಿನ ವಿಷಯದಲ್ಲಿ ಈ ವಾದಕ್ಕೆ ತೂಕವಿದೆ. ಎಂಜಿನ್ ನಂಬರು, ಚಾಸಿ ನಂಬರು ಎರಡೂ ಕಾರ್ಖಾನೆಯ ದಾಖಲೆಗೆ ಹೊಂದಿದರೆ ಬೆಲೆಯೇ ಬೇರೆ. ಆದರೆ ದುಡಿಯುವ ಲಾರಿಗೆ ಎಂಜಿನ್ ಬದಲಾಯಿಸುವುದು ಟೈರ್ ಬದಲಾಯಿಸಿದಷ್ಟಲ್ಲದಿದ್ದರೂ, ಬದುಕಿನ ಒಂದು ಸಹಜ ಘಟ್ಟವೇ ಆಗಿತ್ತು.

ಇದಕ್ಕೆ ಒಳ್ಳೆಯ ಸಾಕ್ಷಿ ಇಂಗ್ಲೆಂಡಿನ ಪರ್ಕಿನ್ಸ್. ಫ್ರ್ಯಾಂಕ್ ಪರ್ಕಿನ್ಸ್ ಮತ್ತು ಚಾರ್ಲ್ಸ್ ಚಾಪ್‌ಮನ್ 1932ರಲ್ಲಿ ಪೀಟರ್‌ಬರೊ ಊರಿನಲ್ಲಿ ಕಟ್ಟಿದ ಕಂಪನಿಯ ದೊಡ್ಡ ಗೆಲುವು ಪಿ6, ಅಂದರೆ 4.73 ಲೀಟರಿನ, ಆರು ಸಿಲಿಂಡರಿನ ಡೀಸೆಲ್. ಅದರ ಚಮತ್ಕಾರ ಇದ್ದದ್ದು ಗಾತ್ರದಲ್ಲಿ. ಪೆಟ್ರೋಲ್ ಎಂಜಿನ್ ಇಳಿಸಿದ ಜಾಗಕ್ಕೇ ಅದು ಕೂರುತ್ತಿತ್ತು. ಯುದ್ಧಾನಂತರದ ಬ್ರಿಟನ್ನಿನಲ್ಲಿ 1950ರ ಮೇ ತಿಂಗಳವರೆಗೂ ಪೆಟ್ರೋಲಿಗೆ ರೇಷನ್. ಬೆಡ್‌ಫರ್ಡ್, ಕಾಮರ್, ಡಾಡ್ಜ್, ಫೋರ್ಡ್ ಲಾರಿಗಳ ಮಾಲೀಕರು ಪಿ6 ಹಾಕಿಸಿಕೊಳ್ಳಲು ಸಾಲುಗಟ್ಟಿದರು. ಈಗ ಬ್ರಿಟನ್ನಿನ ಬೆಡ್‌ಫರ್ಡ್ ಒಬಿ ಬಸ್ ಜೋಪಾನ ಮಾಡುವವರ ಮುಂದಿರುವ ಇಕ್ಕಟ್ಟು ನೋಡಿ. 1949ರಲ್ಲಿ ಪೆಟ್ರೋಲಿನಲ್ಲಿ ಹುಟ್ಟಿ, ಒಂದೆರಡು ವರ್ಷಕ್ಕೇ ಪರ್ಕಿನ್ಸ್ ಹಾಕಿಸಿಕೊಂಡು, ತನ್ನ ದುಡಿಮೆಯ ಆಯುಷ್ಯವನ್ನೆಲ್ಲ ಡೀಸೆಲ್ಲಿನಲ್ಲೇ ಕಳೆದ ಬಸ್ಸಿಗೆ ಯಾವುದು ಅಸಲಿ ಎಂಜಿನ್? ಕೆಲವರು ಪಿ6 ತೆಗೆದು ಪೆಟ್ರೋಲ್ ಎಂಜಿನ್ ಮರಳಿ ಕೂರಿಸಿದ್ದಾರೆ. ಡೀಸೆಲ್ಲಿನ ಆ ಕಟಕಟ ಸದ್ದೇ ಬಸ್ಸಿನ ಚರಿತ್ರೆ ಎನ್ನುವವರ ಮಾತೂ ಸುಳ್ಳಲ್ಲ.

ನಮ್ಮಲ್ಲೂ ಅದೇ ಆಯಿತು. ಯುದ್ಧಕಾಲದಲ್ಲಿ ಪೆಟ್ರೋಲ್ ಸಿಗದೆ ಬಸ್ಸುಗಳ ಬೆನ್ನಿಗೆ ಒಲೆ ಕಟ್ಟಿ ಇದ್ದಿಲ ಗ್ಯಾಸಿನಲ್ಲಿ ಓಡಿಸಿದ್ದನ್ನು ಹಿಂದಿನ ತಲೆಮಾರು ಕಂಡಿತ್ತು. ಬೊಂಬಾಯಿಯ ಸೆವ್ರಿಯಲ್ಲಿ 1928ರಿಂದ ಷೆವರ್ಲೆ ಜೋಡಿಸುತ್ತಿದ್ದ ಜನರಲ್ ಮೋಟರ್ಸ್ 1954ರಲ್ಲಿ ಬಾಗಿಲು ಹಾಕಿತು. ಅದೇ ವರ್ಷ ಟಾಟಾ-ಮರ್ಸಿಡಿಸ್ ಡೀಸೆಲ್ ಲಾರಿ ಜಮ್‌ಷೆಡ್‌ಪುರದಿಂದ ಹೊರಬಿತ್ತು. ಮದರಾಸಿನ ಸಿಂಪ್ಸನ್ ಕಂಪನಿ ಪರ್ಕಿನ್ಸ್ ಎಂಜಿನ್ನುಗಳನ್ನು ಇಲ್ಲೇ ತಯಾರಿಸತೊಡಗಿತು, ಬೊಂಬಾಯಿಯ ಪ್ರೀಮಿಯರ್ ಆಟೊಮೊಬೈಲ್ಸಿನ ಡಾಡ್ಜ್, ಫಾರ್ಗೊ ಲಾರಿಗಳಿಗೂ ಅದೇ ಪಿ6 ಬಂತು. ಹೊಸ ಲಾರಿ ಕೊಳ್ಳಲಾಗದವರು ಹಳೇ ಪೆಟ್ರೋಲ್ ಲಾರಿಗೇ ಡೀಸೆಲ್ ಹಾಕಿಸಿಕೊಂಡರು. ಇಂಥ ಗಾಡಿ ಇಂದು ಯಾರದೋ ಹಿತ್ತಲಲ್ಲಿ ಸಿಕ್ಕಿ, ಅಸಲಿಗೆ ತರುತ್ತೇನೆಂದು ಹೊರಟವನು ಪರ್ಕಿನ್ಸ್ ಎತ್ತಿ ಗುಜರಿಗೆ ಹಾಕಿದರೆ, ಆ ಲಾರಿಯ ಮೂವತ್ತು ವರ್ಷಗಳ ದುಡಿಮೆಯನ್ನೂ ಅದರ ಜತೆಗೇ ಎಸೆದಂತೆ.

ಕೊಡಗು, ಮಲೆನಾಡಿನ ಜೀಪುಗಳಲ್ಲಿ ಈ ಪರಂಪರೆ ಇನ್ನೂ ಹಸಿ. ಪೆಟ್ರೋಲ್ ಕುಡಿದು ಮಾಲೀಕನನ್ನು ಬರಿಗೈ ಮಾಡುತ್ತಿದ್ದ ವಿಲ್ಲೀಸ್ ಜೀಪುಗಳಿಗೆ ಮಹೀಂದ್ರದ ಡೀಸೆಲ್ ಎಂಜಿನ್ ಕೂರಿಸುವುದು ತೋಟದ ಮನೆಗಳಲ್ಲಿ ಮಾಮೂಲಿ ಮಾತು. 1979ರಲ್ಲಿ ಪ್ಯೂಜೊ ಕಂಪನಿಯೊಡನೆ ಆದ ಒಪ್ಪಂದದಿಂದ ಬಂದ 2,112 ಸಿ.ಸಿ.ಯ ಎಕ್ಸ್‌ಡಿಪಿ ಎಂಜಿನ್ ಇದಕ್ಕೆ ಹೇಳಿಮಾಡಿಸಿದಂತಿತ್ತು. ಅಡಾಪ್ಟರ್ ಪ್ಲೇಟಿಗೆ ಲೇತಿನವ, ಫೌಂಡೇಶನ್ನಿಗೆ ವೆಲ್ಡಿಂಗಿನವ, ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ. ಈಗ ಅದೇ ಜೀಪುಗಳಿಗೆ ರಿಸ್ಟೋರೇಶನ್ ಹುಚ್ಚು ಹತ್ತಿದೆ. ಡೀಸೆಲ್ ಇಳಿಸಿ, ಎಲ್ಲಿಂದಲೋ ಹುಡುಕಿ ತಂದ ಪೆಟ್ರೋಲ್ ಎಂಜಿನ್ ಮತ್ತೆ ಏರಿಸುವ ಕೆಲಸ ನಡೆದಿದೆ.

ಹೀಗೆ ಹಿಂದಕ್ಕೆ ಹೋಗಲು ಒಂದು ಕಾನೂನಿನ ಕಾರಣವೂ ಇದೆ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳ ನೋಂದಣಿಗೆ ನಿಯಮ ತಂದಿತು. 50 ವರ್ಷ ದಾಟಿದ, ವಾಣಿಜ್ಯ ಬಳಕೆಯಲ್ಲದ ವಾಹನಕ್ಕೆ ‘ವಿಎ’ ಅಕ್ಷರಗಳ ನಂಬರ್ ಪ್ಲೇಟ್, ಮೊದಲ ಸಲಕ್ಕೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಮಾನ್ಯತೆ. ಷರತ್ತೇನೆಂದರೆ ವಾಹನ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಬೇರೆ ಇದೆ. ಆರ್‌ಸಿಯಲ್ಲಿರುವ ವಿವರಕ್ಕೆ ವ್ಯತ್ಯಾಸ ಬರುವ ಮಾರ್ಪಾಡನ್ನು ಮನಸ್ಸಿಗೆ ಬಂದಂತೆ ಮಾಡುವ ಹಾಗಿಲ್ಲ, ಎಂಜಿನ್ ಬದಲಾದದ್ದು ಆರ್‌ಟಿಒ ಕಚೇರಿಯ ದಾಖಲೆಗೆ ಸೇರಲೇಬೇಕು. ಅಂದರೆ 1955ರ ಜೀಪಿಗೆ 1985ರಲ್ಲಿ ಡೀಸೆಲ್ ಹಾಕಿಸಿ, ಆರ್‌ಸಿಯಲ್ಲೂ ಬರೆಸಿಕೊಂಡ ಪ್ರಾಮಾಣಿಕನಿಗೆ ವಿಂಟೇಜ್ ಪಟ್ಟ ಸಿಗುವುದು ಕಷ್ಟ. ನಿಯಮ ಬರೆದವರ ಕಣ್ಣ ಮುಂದೆ ಮಹಾರಾಜರ ಕಾರುಗಳಿದ್ದವು, ತೋಟದ ಜೀಪುಗಳಿರಲಿಲ್ಲ ಅನ್ನಿಸುತ್ತದೆ.

ಅಮೆರಿಕದಲ್ಲಿ ಹಿಡಿತ ಬೇರೆ ಬಗೆಯದು. ಹೊಗೆ ತಪಾಸಣೆಗೆ ಹೆಸರಾದ ಕ್ಯಾಲಿಫೋರ್ನಿಯಾದಲ್ಲೂ 1975 ಮತ್ತು ಅದಕ್ಕೂ ಹಿಂದಿನ ಪೆಟ್ರೋಲ್ ಗಾಡಿಗಳಿಗೆ ಆ ತಪಾಸಣೆಯಿಂದ ವಿನಾಯಿತಿಯಿದೆ. 1950ರ ಪಿಕಪ್ಪಿನವನು ನಿಶ್ಚಿಂತ. ಅದಕ್ಕಿಂತ ಈಚಿನ ಗಾಡಿಗೆ ಎಂಜಿನ್ ಬದಲಾಯಿಸುವವನು ಅದೇ ವರ್ಷದ ಅಥವಾ ಹೊಸ ವರ್ಷದ ಎಂಜಿನ್ನನ್ನು, ಅದರ ಹೊಗೆ ನಿಯಂತ್ರಣದ ಎಲ್ಲ ಸಾಮಾನಿನೊಂದಿಗೆ ಹಾಕಬೇಕು. ಜನರಲ್ ಮೋಟರ್ಸ್ ಇದಕ್ಕೆಂದೇ ಕ್ಯಾಟಲಿಟಿಕ್ ಕನ್ವರ್ಟರು, ಸೆನ್ಸರುಗಳ ಸಮೇತ ‘ಇ-ರಾಡ್’ ಎಂಬ ಎಂಜಿನ್ ಕಿಟ್ ಮಾರಿತು.

ಈಚೆಗೆ ಕಂಪನಿಗಳೇ ವಿದ್ಯುತ್ತಿನ ಆಸೆ ತೋರಿಸುತ್ತಿವೆ. ಷೆವರ್ಲೆ 2019ರಲ್ಲಿ 1962ರ ಸಿ-10 ಪಿಕಪ್ಪಿಗೆ ಎರಡು ಮೋಟಾರು ಹಾಕಿ ‘ಇ-10’ ಎಂದು ಪ್ರದರ್ಶಿಸಿತು. ಫೋರ್ಡ್ 2021ರಲ್ಲಿ 1978ರ ಎಫ್-100 ಪಿಕಪ್ಪಿಗೆ ಎರಡು ಮೋಟಾರುಗಳಿಂದ 480 ಅಶ್ವಶಕ್ತಿ ತುಂಬಿತು, ಅದೇ ಬಗೆಯ ಒಂದು ಮೋಟಾರನ್ನು 3,900 ಡಾಲರಿಗೆ ಬಿಡಿಯಾಗಿಯೂ ಮಾರಾಟಕ್ಕಿಟ್ಟಿತು. ಆ ಬೆಲೆಗೆ ಬರುತ್ತಿದ್ದದ್ದು ಮೋಟಾರು ಮಾತ್ರ. ಬ್ಯಾಟರಿ, ಇನ್ವರ್ಟರ್, ಕಂಟ್ರೋಲರ್ ಎಲ್ಲ ಕೊಳ್ಳುವವನದೇ ಪಾಡು, ಎಲ್‌ಎಸ್ ಎಂಜಿನ್ ಕೊಂಡವನ ಪಾಡಿನ ಹಾಗೆಯೇ.

ಇಳಿಸಿದ ಎಂಜಿನ್ ಎಲ್ಲಿಗೆ ಹೋಗುತ್ತದೆ ಎಂಬುದೂ ಕೇಳಬೇಕಾದ ಪ್ರಶ್ನೆ. ಜಾಣರು ಟಾರ್ಕ್ ಟ್ಯೂಬು, ಗೇರ್ ಬಾಕ್ಸು, ಹೌಸಿಂಗ್ ಸಮೇತ ಮರದ ಹಲಗೆಯ ಮೇಲೆ ಕಟ್ಟಿ ಷೆಡ್ಡಿನಲ್ಲಿಡುತ್ತಾರೆ, ಮುಂದೆ ಗಾಡಿ ಮಾರುವಾಗ ಅದೂ ಜತೆಗೆ ಹೋಗುತ್ತದೆ. ಜಾಗವಿಲ್ಲದವರು ಸಿಕ್ಕಷ್ಟಕ್ಕೆ ಮಾರುತ್ತಾರೆ. ಅದನ್ನು ಕೊಳ್ಳಲು ಬರುವವನು ಸಾಮಾನ್ಯವಾಗಿ ಎಂಜಿನ್ ಬದಲಾವಣೆಯ ಕಟ್ಟಾ ವಿರೋಧಿ. ತನ್ನ 216ಕ್ಕೆ ಬಿರುಕಿಲ್ಲದ ಬ್ಲಾಕೋ, ಒಳ್ಳೆಯ ಕ್ರ್ಯಾಂಕೋ ಬೇಕಾಗಿ ಬಂದವನು. ‘ಕೆಡಿಸಿದ’ ಗಾಡಿಯವನ ಹತ್ತಿರವೇ ಚೌಕಾಸಿ ಮಾಡಿ, ಅದನ್ನು ತನ್ನ ಟ್ರೇಲರಿಗೆ ಹೇರಿಕೊಂಡು ಹೋಗುತ್ತಾನೆ.